ಸರ್ವರ್ ಕೇಳಿತು: ನಿನ್ನ ಪರದೆ ಎಷ್ಟಗಲ?

ಇಂದಿನ ಬಹುತೇಕ ಬ್ರೌಸರ್‌ಗಳು ಯಾವ ಜಾಲತಾಣಕ್ಕೆ ಹೋದರೂ, ಸರ್ವರ್‌ಗೆ ತಮ್ಮ ಪರಿಚಯ ಹೇಳಿಕೊಳ್ಳಲು ಶುರುಮಾಡುವುದು ‘ಮೊಜಿಲ್ಲಾ 5.0’ ಎಂದೇ. ಫೈರ್‌ಫಾಕ್ಸ್ ಹಾಗೆಂದರೆ ಸರಿ, ಅದು ಆ ಮನೆತನದ್ದೇ. ಕ್ರೋಮ್, ಸಫಾರಿಗಳೂ ಅದನ್ನೇ ಹೇಳುತ್ತವೆ.

ಮೊಜಿಲ್ಲಾ ಎಂಬುದು ನೆಟ್‌ಸ್ಕೇಪ್ ಕಂಪನಿ 1994ರಲ್ಲಿ ತಂದ ಬ್ರೌಸರಿನ ಒಳಹೆಸರು. ಬೇರೆ ಬ್ರೌಸರ್‌ಗಳಿಗೆ ಬಾರದ ಕಸರತ್ತುಗಳು ಅದಕ್ಕೆ ಬರುತ್ತಿದ್ದವು. ಹಾಗಾಗಿ ಸರ್ವರ್‌ಗಳು ಮುಖ ನೋಡಿ ಮಣೆ ಹಾಕತೊಡಗಿದವು: ಮೊಜಿಲ್ಲಾ ಎಂದವರಿಗೆ ಸಿಂಗಾರದ ಪುಟ, ಉಳಿದವರಿಗೆ ಸಪ್ಪೆ ಪುಟ. ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದಾಗ ಮಣೆ ಗಿಟ್ಟಿಸಿಕೊಳ್ಳಲು ತಾನೂ ಮೊಜಿಲ್ಲಾ ಎಂದುಬಿಟ್ಟಿತು. ಆಮೇಲೆ ಬಂದವರೆಲ್ಲ ಅದೇ ದಾರಿ ಹಿಡಿದರು.

ಮೊಬೈಲ್ ಬಂದ ಮೇಲೆ ಹೆಸರು ಕೇಳುವುದು ಅನಿವಾರ್ಯವೇ ಆಯಿತು. 1999ರ ನೋಕಿಯಾ 7110ರಂಥ ಫೋನಿನ ಅಂಗೈಯಗಲದ ಕಪ್ಪುಬಿಳುಪು ಪರದೆಗೆ ಕಂಪ್ಯೂಟರಿನ ಪುಟ ಕಳಿಸಿ ಏನು ಪ್ರಯೋಜನ? ಲೂಕಾ ಪಸ್ಸಾನಿ ಮತ್ತು ಆಂಡ್ರಿಯಾ ಟ್ರಸಾಟಿ ಎಂಬಿಬ್ಬರು ‘ವರ್ಫಲ್’ ಎಂಬ ದೊಡ್ಡ ಕಡತ ಕಟ್ಟಲು ಹೊರಟರು. ಯಾವ ಮಾದರಿಯ ಪರದೆ ಎಷ್ಟಗಲ, ಅದು ಯಾವ ಬಗೆಯ ಚಿತ್ರ ತೋರಿಸಬಲ್ಲದು ಎಂಬ ವಿವರಗಳ ಜಾತಕ ಅದು. ಫೋನು ತನ್ನ ಮಾದರಿಯ ಹೆಸರು ಹೇಳಿದ ಕೂಡಲೇ ಸರ್ವರ್ ಕಡತ ತೆರೆದು, ಅದಕ್ಕೊಪ್ಪುವ ಪುಟ ಕಳಿಸುತ್ತಿತ್ತು. ಆದರೆ ಹೊಸ ಮಾದರಿಗಳಿಗೆ ಕೊನೆಯಿಲ್ಲ. ಕಡತ ತಿದ್ದುವವರಿಗೆ ಬಿಡುವಿಲ್ಲ. ಮೇಲಾಗಿ, ಹೆಸರು ತಿಳಿದ ಮಾತ್ರಕ್ಕೆ ಕೈಯಲ್ಲಿರುವ ಯಂತ್ರದ ಸ್ಥಿತಿ ತಿಳಿಯುವುದಿಲ್ಲ. ಬಳಕೆದಾರ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾನೋ, ಫೋನನ್ನು ಅಡ್ಡ ಹಿಡಿದಿದ್ದಾನೋ ಎಂಬುದು ಯಾವ ಕಡತದಲ್ಲಿದೆ?

(ಕನ್ನಡ ಓದುಗರಿಗೆ ಇದರ ಬಿಸಿ ಇನ್ನೊಂದು ಬಗೆಯಲ್ಲಿ ತಟ್ಟಿತ್ತು. ಹಳೆಯ ಫೋನುಗಳಲ್ಲಿ ಕನ್ನಡವೆಂದರೆ ಬರೀ ಡಬ್ಬಿಗಳ ಸಾಲು. ಒಪೆರಾ ಮಿನಿ ಎಂಬ ಬ್ರೌಸರಿನ ಗುಪ್ತ ಸೆಟ್ಟಿಂಗ್ ಒಂದನ್ನು ಬದಲಿಸಿದರೆ, ಒಪೆರಾದ ಸರ್ವರ್‌ಗಳೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿದ್ದವು. ಫೋನಿಗೆ ಕನ್ನಡ ಬಾರದು ಎಂದು ಬಳಕೆದಾರನೇ ಸರ್ವರ್‌ಗೆ ಹೇಳಬೇಕಿತ್ತು, ಅಷ್ಟೇ.)

2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಬೇರೆ ದಾರಿ ತೋರಿಸಿದರು: ಎಲ್ಲರಿಗೂ ಒಂದೇ ಪುಟ ಕಳಿಸಿ, ಪರದೆ ನೋಡಿ ಅದು ತಾನೇ ಹೊಂದಿಕೊಳ್ಳಲಿ. ಸೊಗಸಾದ ಯೋಚನೆ. ಆದರೆ ಸಣ್ಣ ಪರದೆಯಲ್ಲಿ ಮರೆಮಾಡಿದ ಭಾಗವೂ ಇಳಿದು ಬರುತ್ತಿತ್ತು. ಡೇಟಾಕ್ಕೆ ದುಡ್ಡು ಕೊಡುವವನ ಜೇಬಿಗೆ ಕತ್ತರಿ. ಮರುವರ್ಷವೇ ಇನ್ನೊಬ್ಬ ವಿನ್ಯಾಸಕ ಲ್ಯೂಕ್ ರೊಬ್ಲೆವ್‌ಸ್ಕಿ, ಎರಡನ್ನೂ ಬೆರೆಸೋಣ ಎಂದರು: ಹೊಂದಿಕೊಳ್ಳುವ ಕೆಲಸ ಬ್ರೌಸರಿಗೆ, ಯಾವ ಭಾಗ ಕಳಿಸಬೇಕೆಂಬ ತೀರ್ಮಾನ ಸರ್ವರ್‌ಗೆ.

ಇವೆರಡರ ನಡುವೆ ಓಡಾಡಿದ್ದು ಕುಕಿ ಎಂಬ ಪುಟ್ಟ ಚೀಟಿ. ಮೊದಲ ಪುಟದಲ್ಲೇ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಓಡುತ್ತದೆ. ಪರದೆಯ ಅಗಲ ಅಳೆದು, ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿ, ಕುಕಿಯಲ್ಲಿ ಬರೆದಿಡುತ್ತದೆ. ಮುಂದಿನ ಪ್ರತಿ ಕೋರಿಕೆಯ ಜೊತೆಗೂ ಆ ಚೀಟಿ ಸರ್ವರ್ ತಲುಪುತ್ತದೆ. ಮ್ಯಾಟ್ ವಿಲ್‌ಕಾಕ್ಸ್ ಅವರ ‘ಅಡಾಪ್ಟಿವ್ ಇಮೇಜಸ್’ 2011ರಲ್ಲಿ ಮಾಡಿದ್ದು ಇದನ್ನೇ: ಚೀಟಿ ನೋಡಿ, ಪಿಎಚ್‌ಪಿಯಲ್ಲಿ ಚಿತ್ರ ಕುಗ್ಗಿಸಿ ಕಳಿಸುವುದು. ನನ್ನ ಮಟ್ಟಿಗೆ ಆ ಕಾಲದ ಅತಿ ಚುರುಕಿನ ಉಪಾಯ ಇದು. ತೊಡಕೆಂದರೆ, ಬ್ರೌಸರ್‌ಗಳು ಅವಸರದವು. ಸ್ಕ್ರಿಪ್ಟ್ ಚೀಟಿ ಬರೆದು ಮುಗಿಸುವ ಮೊದಲೇ ಚಿತ್ರ ಕೇಳಿಬಿಟ್ಟದ್ದುಂಟು.

ಬರೀ ಹೆಸರು ನಂಬುವವರಿಗೆ 2019ರಲ್ಲಿ ದೊಡ್ಡ ಪೆಟ್ಟು ಬಿತ್ತು. ಐಪ್ಯಾಡ್‌ನ ಸಫಾರಿ ತನ್ನನ್ನು ಮ್ಯಾಕ್ ಕಂಪ್ಯೂಟರ್ ಎಂದೇ ಕರೆದುಕೊಳ್ಳತೊಡಗಿತು. ಎಷ್ಟು ಬೆರಳ ಸ್ಪರ್ಶ ಗುರುತಿಸಬಲ್ಲೆ ಎಂದು ಬ್ರೌಸರ್ ಒಳಗೇ ಕೇಳಿದರೆ ಮಾತ್ರ ಗುಟ್ಟು ರಟ್ಟು: ಐಪ್ಯಾಡ್ ಐದು ಎನ್ನುತ್ತದೆ, ಮ್ಯಾಕ್ ಸೊನ್ನೆ.

ಈ ಚೀಟಿ ವ್ಯವಹಾರಕ್ಕೆ ಅಧಿಕೃತ ರೂಪ ಕೊಡಲು ಬಂದದ್ದು ‘ಕ್ಲೈಂಟ್ ಹಿಂಟ್ಸ್’. 2021ರಲ್ಲಿ ಅದರ ದಾಖಲೆ, ಆರ್‌ಎಫ್‌ಸಿ 8942, ಹೊರಬಂತು. ಸರ್ವರ್ ತನಗೆ ಬೇಕಾದ್ದನ್ನು ಹೆಸರಿಸಿ ಕೇಳುತ್ತದೆ, ಬ್ರೌಸರ್ ಮನಸ್ಸಿದ್ದರೆ ಕೊಡುತ್ತದೆ. ಇದರ ಬೆನ್ನಿಗೆ ಕ್ರೋಮ್ ‘ಮೊಜಿಲ್ಲಾ 5.0’ ಎಂದು ಶುರುವಾಗುವ ತನ್ನ ಹಳೆಯ ಪರಿಚಯಪತ್ರ ಮೊಟಕುಗೊಳಿಸಿತು. ಈಗ ಅದರಲ್ಲಿ ಬಹುಪಾಲು ಆಂಡ್ರಾಯ್ಡ್ ಫೋನುಗಳ ಮಾದರಿಯ ಹೆಸರು ‘ಕೆ’ ಎಂಬ ಒಂದೇ ಅಕ್ಷರ. ಸಫಾರಿ, ಫೈರ್‌ಫಾಕ್ಸ್‌ಗಳು ಫೋನಿನ ಮಾದರಿ ಹೇಳುವ ಈ ಹೊಸ ಪದ್ಧತಿಗೆ ಇನ್ನೂ ಒಲಿದಿಲ್ಲ. ಹಾಗಾಗಿ ಎಲ್ಲ ಬ್ರೌಸರ್‌ಗಳಲ್ಲೂ ನಡೆಯಬೇಕೆನ್ನುವ ಪ್ರೋಗ್ರಾಮರ್ ಇವತ್ತಿಗೂ ಆ ನಾಲ್ಕು ಸಾಲಿನ ಸ್ಕ್ರಿಪ್ಟನ್ನೂ ಒಂದು ಕುಕಿಯನ್ನೂ ಇಟ್ಟುಕೊಂಡಿರುತ್ತಾನೆ.