ಸೆಕೆಗೆ ಸೊರಗುವುದು ಎಮ್ಮೆ ಮಾತ್ರವಲ್ಲ: ಮನೆಯ ಕಂಪ್ಯೂಟರಿನ ಜೋಡಣೆ, ಆರೈಕೆ, ರೋಗಪತ್ತೆ



ಕೆಚ್ಚಲು ಬಾವು, ಜಂತುನಾಶಕ, ಕಾಲುಬಾಯಿ ಲಸಿಕೆ ಎಂದು ಬರೆಯುವ ಪಶುವೈದ್ಯರು ಈ ಸಲ ಕಂಪ್ಯೂಟರಿನ ಬಗ್ಗೆ ಏಕೆ ಬರೆದರು ಎಂದು ನಿಮಗೆ ಅನ್ನಿಸಬಹುದು. ಸುರೇಬಾನ, ಮನಿಹಾಳ ಸುತ್ತಿನ ಊರುಗಳಲ್ಲಿ ದನಕ್ಕೆ ಚಿಕಿತ್ಸೆ ಮುಗಿಸಿ ಕೈ ತೊಳೆದು ಚಹಾಕ್ಕೆ ಕುಳಿತರೆ ಈಗೀಗ ಒಂದು ಮಾತು ಬಂದೇ ಬರುತ್ತದೆ: "ಡಾಕ್ಟರ್ ಸಾಹೇಬ್ರ, ನಮ್ಮ ಹುಡುಗನ ಕಂಪ್ಯೂಟರ್ ಮ್ಯಾಲಿಂದ ಮ್ಯಾಲೆ ಬಂದ್ ಬೀಳತೈತ್ರಿ, ಒಂಚೂರು ನೋಡ್ರಿ." ಕಾಲೇಜಿನಲ್ಲಿದ್ದಾಗ ಬಿಡಿಭಾಗ ತಂದು ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿಕೊಂಡಿದ್ದೆ. ಆ ಸುದ್ದಿ ಹೇಗೋ ಊರಿಗೆಲ್ಲ ಹಬ್ಬಿದೆ. ಹಾಲಿನ ಬಿಲ್ಲಿನಲ್ಲಿ ಉಳಿಸಿದ ಹಣ ಈಗ ಎಷ್ಟೋ ಮನೆಗಳಲ್ಲಿ ಮಕ್ಕಳ ಕಂಪ್ಯೂಟರಿಗೆ ಹೋಗುತ್ತಿದೆ. ಆ ಹಣ ಹಾಳಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಕ್ಕಿಂತ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರ್ ನಮ್ಮಂಥ ಊರಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೆಟ್ಟರೆ ಕೆಟ್ಟ ಭಾಗವಷ್ಟನ್ನೇ ಬದಲಿಸಬಹುದು. ಆದರೆ ಕೊಳ್ಳುವಾಗ ಹುಡುಗರು ಮಾಡುವುದು ಸಂತೆಯಲ್ಲಿ ಕೊಂಬಿನ ಬಣ್ಣ ನೋಡಿ ಎಮ್ಮೆ ಕೊಳ್ಳುವಂಥ ವ್ಯಾಪಾರ. ಗಾಜಿನ ಬಾಗಿಲು, ಬಣ್ಣಬಣ್ಣದ ದೀಪದ ಕ್ಯಾಬಿನೆಟ್ಟಿಗೆ ದುಡ್ಡು ಸುರಿಯುತ್ತಾರೆ, ಎಸ್‌ಎಂಪಿಎಸ್ ಮಾತ್ರ ಯಾವುದೋ ಹೆಸರಿಲ್ಲದ್ದು ತರುತ್ತಾರೆ. ಎಸ್‌ಎಂಪಿಎಸ್ ಅಂದರೆ ಮನೆಯ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ. ಎಮ್ಮೆಗೆ ಹೊಟ್ಟೆ ಇದ್ದಂತೆ. ಅದು ಕೆಟ್ಟರೆ ಉಳಿದ ಅಂಗ ಎಷ್ಟೇ ಗಟ್ಟಿಯಿದ್ದರೂ ಫಲವಿಲ್ಲ. ಮೊದಲು ಅದಕ್ಕೆ ಹಣ ತೆಗೆದಿಡಿ, ದೀಪ ಆಮೇಲೆ.

ಜೋಡಣೆ ಕಷ್ಟದ ಕೆಲಸವಲ್ಲ, ಅವಸರದ ಕೆಲಸವೂ ಅಲ್ಲ. ಪ್ರೊಸೆಸರಿನ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಗುರುತು ಇರುತ್ತದೆ, ಮದರ್‌ಬೋರ್ಡಿನ ಸಾಕೆಟ್ಟಿನಲ್ಲೂ ಇರುತ್ತದೆ. ಎರಡೂ ಕೂಡುವಂತೆ ಇಟ್ಟರೆ ತಾನಾಗಿ ಕೂಡ್ರುತ್ತದೆ, ಒತ್ತಬಾರದು. ಅದರ ಮೇಲೆ ಕಡಲೆಕಾಳಿಗಿಂತ ಸಣ್ಣದಾಗಿ ಥರ್ಮಲ್ ಪೇಸ್ಟ್ ಇಟ್ಟು ಕೂಲರನ್ನು ಬಿಗಿಯಬೇಕು. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇದ್ದರೆ ಮೊದಲು ಕಿತ್ತುಹಾಕಿ. ಅದನ್ನು ಹಾಗೇ ಬಿಟ್ಟು ಬಿಗಿದು, ಕಂಪ್ಯೂಟರಿಗೆ ಜ್ವರ ಬಂತೆಂದು ಅಲೆದವರನ್ನು ನೋಡಿದ್ದೇನೆ. ರ್ಯಾಮ್ ಎರಡು ಕಡ್ಡಿ ಇದ್ದು ಬೋರ್ಡಿನಲ್ಲಿ ನಾಲ್ಕು ಗೂಡಿದ್ದರೆ, ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಗೂಡಿಗೆ ಹಾಕಬೇಕು. ಎಸ್‌ಎಂಪಿಎಸ್‌ನಿಂದ 24 ಪಿನ್ನಿನ ದಪ್ಪ ವೈರು ಬೋರ್ಡಿಗೆ ಬರುತ್ತದೆ. ಪ್ರೊಸೆಸರಿಗೆಂದೇ 4 ಅಥವಾ 8 ಪಿನ್ನಿನ ಇನ್ನೊಂದು ವೈರು ಮೇಲಿನ ಮೂಲೆಗೆ ಬರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಮರೆತರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಉಳಿಯುತ್ತದೆ.

ಇನ್ನು ಹುಡುಗರ ಬಾಯಲ್ಲಿ ಬರುವ ದೊಡ್ಡ ಮಾತು ಓವರ್‌ಕ್ಲಾಕಿಂಗ್. ಪ್ರೊಸೆಸರ್ ಒಂದು ತಾಳಕ್ಕೆ ಕೆಲಸ ಮಾಡುತ್ತದೆ. ಬೋರ್ಡು ಸೆಕೆಂಡಿಗೆ 10 ಕೋಟಿ, ಅಂದರೆ 100 ಮೆಗಾಹರ್ಟ್ಸ್, ಮಿಡಿತ ಕೊಡುತ್ತದೆ. ಪ್ರೊಸೆಸರ್ ಅದನ್ನು 36ರಿಂದ ಗುಣಿಸಿದರೆ 3.6 ಗಿಗಾಹರ್ಟ್ಸ್. ಆ 36ನ್ನು ಬಯೋಸ್‌ನಲ್ಲಿ ಕೈಯಾರೆ 40 ಮಾಡುವುದೇ ಓವರ್‌ಕ್ಲಾಕಿಂಗ್. ಎಲ್ಲ ಪ್ರೊಸೆಸರಿನಲ್ಲೂ ಇದು ಆಗುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರ ಇದ್ದು, ಬೋರ್ಡು 'ಝಡ್' ಸಾಲಿನದಾಗಿರಬೇಕು. ಎಎಂಡಿ ರೈಜನ್‌ನಲ್ಲಿ ಹೆಚ್ಚಿನವು ಒಪ್ಪುತ್ತವೆ, ಆದರೆ ಅಗ್ಗದ 'ಎ' ಸಾಲಿನ ಬೋರ್ಡು ಒಪ್ಪುವುದಿಲ್ಲ.

ವೇಗ ಹೆಚ್ಚಿಸಿದಾಗ ಪ್ರೊಸೆಸರ್ ತಪ್ಪು ಮಾಡದಿರಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಕಷ್ಟ ಶುರುವಾಗುವುದು ಇಲ್ಲಿ. ವೇಗ ಏರಿದಷ್ಟೇ ಅನುಪಾತದಲ್ಲಿ ಶಾಖ ಏರುತ್ತದೆ, ವೋಲ್ಟೇಜಿನದು ಮಾತ್ರ ವರ್ಗದ ಲೆಕ್ಕ. ವೇಗ ಶೇ. 10, ವೋಲ್ಟೇಜು ಶೇ. 10 ಏರಿಸಿದರೆ 1.1ನ್ನು ಮೂರು ಸಲ ಗುಣಿಸಿ ನೋಡಿ: 1.33. ಅಂದರೆ ಶೇ. 10ರ ಲಾಭಕ್ಕೆ ಶೇ. 33ರಷ್ಟು ಹೆಚ್ಚು ಶಾಖ. 65 ವ್ಯಾಟ್ ಹೊರಹಾಕುತ್ತಿದ್ದದ್ದು 86 ವ್ಯಾಟ್ ಹೊರಹಾಕುತ್ತದೆ.

ಕೂಲರ್ ಎಂಬುದು ಫ್ರಿಜ್ ಅಲ್ಲ. ಕೋಣೆಯ ಗಾಳಿಗಿಂತ ತಂಪು ಮಾಡಲು ಅದಕ್ಕೆ ಆಗದು. ಡಿಸೆಂಬರಿನ 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 70 ಡಿಗ್ರಿಯಲ್ಲಿದ್ದರೆ, ಏಪ್ರಿಲ್‌ನಲ್ಲಿ ತಗಡಿನ ಕೆಳಗಿನ 40 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 88ರ ಹತ್ತಿರ ಹೋಗುತ್ತದೆ. 95-100 ಡಿಗ್ರಿಯ ಸುಮಾರಿಗೆ ಹೆಚ್ಚಿನ ಪ್ರೊಸೆಸರುಗಳು ತಾವೇ ವೇಗ ತಗ್ಗಿಸುತ್ತವೆ. ಆಗಲೂ ಇಳಿಯದಿದ್ದರೆ ಕಂಪ್ಯೂಟರ್ ಬಂದ್ ಆಗುತ್ತದೆ. ಮಿಶ್ರತಳಿ ಆಕಳು ಸೆಕೆಗೆ ಏನು ಮಾಡುತ್ತದೆ? ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಅದು ಮೈಗಳ್ಳತನ ಅಲ್ಲ, ಜೀವ ಉಳಿಸಿಕೊಳ್ಳುವ ದಾರಿ. ಬಿಸಿಲಿಗೆ ಹಾಲು ಇಳಿದ ಆಕಳಿಗೆ ನೆರಳು, ನೀರು ಕೊಡದೆ ಹಿಂಡಿ, ಗೋವಿನಜೋಳದ ನುಚ್ಚು ಹೆಚ್ಚಿಸಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಮಲಗುತ್ತದೆ. ಬೇಸಿಗೆಯಲ್ಲಿ ನಿಧಾನವಾದ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡುವುದು ಅದೇ ಕೆಲಸ.

ಈಗಿನ ಪ್ರೊಸೆಸರುಗಳು ತಂಪಾಗಿದ್ದಾಗ ತಾವೇ ವೇಗ ಹೆಚ್ಚಿಸಿಕೊಳ್ಳುವಂತೆ ಕಾರ್ಖಾನೆಯಲ್ಲೇ ಮಾಡಿರುತ್ತಾರೆ. ಹಾಗಾಗಿ ತಂಪು ಕೊಟ್ಟರೆ ವೇಗ ಪುಕ್ಕಟೆ ಬರುತ್ತದೆ. ಹುಡುಗನಿಗೆ ಏನಾದರೂ ಮಾಡಲೇಬೇಕೆಂಬ ಹುರುಪಿದ್ದರೆ ರ್ಯಾಮ್ ನೋಡಲಿ. ಪೊಟ್ಟಣದ ಮೇಲೆ 3200 ಎಂದು ಬರೆದ ಎಷ್ಟೋ ಕಡ್ಡಿಗಳು ಮೊದಲಿಗೆ 2133 ಅಥವಾ 2400ರಲ್ಲೇ ಓಡುತ್ತಿರುತ್ತವೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡಿದರೆ ಬರೆದ ವೇಗ ಸಿಗುತ್ತದೆ. ಒಗ್ಗದಿದ್ದರೆ ಬಂದ್ ಮಾಡಿದರಾಯಿತು.

ಓವರ್‌ಕ್ಲಾಕಿಂಗ್ ದಾಖಲೆಗಳ ವಿಷಯ ಬೇರೆ. 2011ರಲ್ಲಿ ಎಎಂಡಿ ಎಫ್‌ಎಕ್ಸ್ ಪ್ರೊಸೆಸರನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ಗಿನ್ನೆಸ್ ದಾಖಲೆ ಮಾಡಿದರು. 2022ರ ಡಿಸೆಂಬರಿನಲ್ಲಿ ಇಂಟೆಲ್ ಪ್ರೊಸೆಸರೊಂದು 9 ಗಿಗಾಹರ್ಟ್ಸ್ ದಾಟಿತು. ಇಂಥ ದಾಖಲೆಗೆ ಬಳಸುವ ಒಂದು ತಂಪು ನಿಮಗೆಲ್ಲ ಗೊತ್ತಿರುವುದೇ, ಕೃತಕ ಗರ್ಭಧಾರಣೆಯ ಕ್ಯಾನಿನಲ್ಲಿರುವ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಒಬ್ಬ ಹುಡುಗ ನಗುತ್ತಲೇ "ಸರ್, ನಿಮ್ಮ ಕ್ಯಾನಿನ್ಯಾಗಿಂದು ಒಂದ್ ಲೀಟರ್ ಕೊಡ್ರಿ" ಎಂದ. ಕೊಡುವುದಿಲ್ಲ! ಅದು ಚರ್ಮವನ್ನು ಸುಡುತ್ತದೆ, ಮುಚ್ಚಿದ ಕೋಣೆಯಲ್ಲಿ ಆವಿಯಾದರೆ ಉಸಿರುಗಟ್ಟಿಸುತ್ತದೆ. ಕ್ಯಾನಿನಲ್ಲಿ ಮಟ್ಟ ಇಳಿದರೆ ವೀರ್ಯದ ಕಡ್ಡಿಗಳು ಸಾಯುತ್ತವೆ. ಆಮೇಲೆ ಯಾರದೋ ಎಮ್ಮೆಯ ಬೆದೆ ತಪ್ಪಿ ಮತ್ತೆ 21 ದಿನ ಕಾಯಬೇಕು.

ರೋಗಪತ್ತೆಗೆ ಬರೋಣ. ದನ ನೋಡಲು ಬಂದ ವೈದ್ಯರು ಮೊದಲು ಸೂಜಿ ತೆಗೆಯುವುದಿಲ್ಲ, ಕೇಳುತ್ತಾರೆ: ಯಾವಾಗಿನಿಂದ? ಏನು ತಿಂದಿತ್ತು? ಏನು ಬದಲಾಗಿದೆ? ಕಂಪ್ಯೂಟರಿಗೂ ಇದೇ ಕ್ರಮ. ಕಳೆದ ಬೇಸಿಗೆಯಲ್ಲಿ ಒಂದು ಮನೆಯವರು ಗಬ್ಬದ ಮಣಕ ಎಮ್ಮೆಗೆ ಬೆಲೆ ಅಂದಾಜು ಮಾಡಲು ನನ್ನನ್ನು ಕರೆದಿದ್ದರು. ಏಕೆ ಮಾರುತ್ತೀರಿ ಎಂದರೆ, ಡಿಪ್ಲೊಮಾ ಓದುವ ಮಗನ ಕಂಪ್ಯೂಟರ್ ಕೆಟ್ಟಿದೆ, ಹೊಸದು ತರಬೇಕು ಎಂದರು. ಹುಡುಗ ಪೇಸ್ಟ್ ಬದಲಿಸಿದ್ದ, ರ್ಯಾಮ್ ಬದಲಿಸಿದ್ದ, ವಿಂಡೋಸ್ ಎರಡು ಸಲ ಹಾಕಿದ್ದ.

"ಯಾವಾಗ ಬಂದ್ ಬೀಳತೈತೋ ತಮ್ಮಾ?"

"ಸಂಜೀಮುಂದ ಸರ್. ಮಧ್ಯಾಹ್ನ ಎಷ್ಟೊತ್ತು ಕುಂತ್ರೂ ಏನೂ ಆಗೂದಿಲ್ಲ."

ಸೆಕೆಯ ರೋಗವಾದರೆ ಮಧ್ಯಾಹ್ನ ಬರಬೇಕಿತ್ತು. ಸಂಜೆ ಏನಾಗುತ್ತದೆ? ಹಿಂಡುವ ಹೊತ್ತಿಗೆ ತಾಯಿ ಮೇವು ಕತ್ತರಿಸುವ ಮಷೀನು ಚಾಲೂ ಮಾಡುತ್ತಾರೆ. ಮೋಟಾರು ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕೊಟ್ಟಿಗೆಗೂ ಕೋಣೆಗೂ ಒಂದೇ ಸಣ್ಣ ವೈರು. ಅವನನ್ನು ಕಂಪ್ಯೂಟರಿನ ಮುಂದೆ ಕೂಡ್ರಿಸಿ, "ಅಕ್ಕಾರ, ಮಷೀನ್ ಹಚ್ರಿ" ಎಂದೆ. ಪರದೆ ಕಪ್ಪಾಯಿತು. ಮೂರು ಸಾವಿರದ ಆಸುಪಾಸಿನ ಒಂದು ಯುಪಿಎಸ್ ತಂದರು, ಮಷೀನಿಗೆ ಬೇರೆ ದಪ್ಪ ವೈರು ಎಳೆಸಿದರು. ಮಣಕ ಮನೆಯಲ್ಲೇ ಉಳಿಯಿತು, ಈದಿದೆ, ಅದರ ಹಾಲು ಈಗ ಸಂಘಕ್ಕೆ ಬರುತ್ತಿದೆ.

ಅದೇ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಅರ್ಥಿಂಗ್ ಇರಲಿಲ್ಲ. ಇದನ್ನು ಹಗುರವಾಗಿ ನೋಡಬೇಡಿ. ನಮಗೆ ಗೊತ್ತೇ ಆಗದ ಕೆಲವೇ ವೋಲ್ಟು ದನಕ್ಕೆ ಗೊತ್ತಾಗುತ್ತದೆ. ಒದ್ದೆ ನೆಲದ ಮೇಲೆ ನಿಂತು ಕಬ್ಬಿಣದ ತೊಟ್ಟಿಗೆ ಬಾಯಿ ಹಾಕಿದಾಗ ಚುರುಕ್ ಎಂದರೆ ನೀರು ಕುಡಿಯುವುದನ್ನೇ ಬಿಡುತ್ತದೆ, ಹಿಂಡುವಾಗ ಒದೆಯುತ್ತದೆ. ಅರ್ಥಿಂಗ್ ಒಂದು ಸರಿಯಾದರೆ ಕಂಪ್ಯೂಟರಿಗೂ ಕೊಟ್ಟಿಗೆಗೂ ಒಟ್ಟಿಗೇ ಉಪಕಾರ. ಈ ಕೆಲಸವನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸಿ.

ಮಧ್ಯಾಹ್ನ ಬಂದ್ ಬಿದ್ದರೆ ಧೂಳು ನೋಡಿ. ರಾಶಿ ಮಾಡುವ ದಿನಗಳಲ್ಲಿ ಜೋಳದ ಹೊಟ್ಟು, ಎರೆಮಣ್ಣಿನ ಧೂಳು ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂಡ್ರುತ್ತದೆ. ಪ್ಲಗ್ ಕಿತ್ತು, ಅಂಗಳಕ್ಕೆ ಒಯ್ದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಒಣ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಪರದೆ ಬರದೇ ಇದ್ದರೆ ಪ್ಲಗ್ ಕಿತ್ತು ರ್ಯಾಮ್ ಬಿಚ್ಚಿ, ಒಣ ಬಟ್ಟೆಯಿಂದ ಚಿನ್ನದ ಬಣ್ಣದ ಅಂಚು ಒರೆಸಿ ಮತ್ತೆ ಹಾಕಿ. ಆಗಲೂ ಆಗದಿದ್ದರೆ ಒಂದೇ ಕಡ್ಡಿ ಇಟ್ಟು ನೋಡಿ. ಓವರ್‌ಕ್ಲಾಕ್ ಮಾಡಿ ಏಳದಾದರೆ ಪ್ಲಗ್ ಕಿತ್ತು ಬೋರ್ಡಿನ ಬಿಲ್ಲೆಯಂಥ 3 ವೋಲ್ಟ್ ಬ್ಯಾಟರಿ ತೆಗೆದು, ಕೆಲ ನಿಮಿಷ ಬಿಟ್ಟು ಹಾಕಿದರೆ ಹೆಚ್ಚಿನ ಬೋರ್ಡುಗಳಲ್ಲಿ ಹಳೆಯ ಸ್ಥಿತಿಗೆ ಬರುತ್ತದೆ. ಪ್ರತಿದಿನ ತಾರೀಖು ತಪ್ಪು ತೋರಿಸಿದರೂ ಆ ಬ್ಯಾಟರಿಯೇ ಮುಗಿದಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಇಂಜೆಕ್ಷನ್ ಒಟ್ಟಿಗೆ ಚುಚ್ಚಿದರೆ ಯಾವುದು ಗುಣ ಮಾಡಿತೆಂದು ಯಾರಿಗೂ ತಿಳಿಯುವುದಿಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟು ಉಳಿದಿರಬಹುದು. ಸಂಘದಲ್ಲಿ ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ ಬರೆದಿಡುವ ಕಂಪ್ಯೂಟರನ್ನೂ ನೀವಾಗಿ ಬಿಚ್ಚುವುದು ಬೇಡ, ಅದಕ್ಕೆ ತಂತ್ರಜ್ಞರಿದ್ದಾರೆ. ಅದರ ಹಿಂಬದಿಯ ಗಾಳಿಕಿಂಡಿಗೆ ಪಶು ಆಹಾರದ ಚೀಲ ಒರಗಿಸಿದ್ದು ಕಂಡರೆ ಸರಿಸಿಡಿ, ತಾರೀಖು ತಪ್ಪಿದ ಚೀಟಿ ಕೈಗೆ ಬಂದರೆ ಅಂದೇ ಕಾರ್ಯದರ್ಶಿಯವರಿಗೆ ತೋರಿಸಿ.