ಮುಟ್ಟಿಸಿದರೆ ಮುಗೀತು ಐದು ಸಾವಿರ! ನಿಮ್ಮ ಕಾರ್ಡಿನ ಸ್ವಿಚ್ಚು ಯಾರ ಕೈಲಿದೆ?

ಸೂರಗೊಂಡನಕೊಪ್ಪ: 2024ರ ಅಕ್ಟೋಬರ್ ತಿಂಗಳನ್ನು ನ್ಯಾಮತಿ ಜನ ಇನ್ನೂ ಮರೆತಿಲ್ಲ. ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಹಾಕಿ, ಗ್ಯಾಸ್ ಕಟರ್‌ನಿಂದ ಲಾಕರು ಕೊಯ್ದು, 17 ಕೆ.ಜಿ.ಗೂ ಮೀರಿದ ಅಡವಿನ ಚಿನ್ನವನ್ನು ಕಳ್ಳರು ಹೊತ್ತೊಯ್ದ ಪ್ರಕರಣ ಅದು. 2025ರ ಮಾರ್ಚ್‌ನಲ್ಲಿ ಪೊಲೀಸರು ಆರು ಮಂದಿಯನ್ನು ಬಂಧಿಸಿ, ತಮಿಳುನಾಡಿನ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು.

ಆ ಕಳ್ಳತನಕ್ಕೆ ಕಟರು ಬೇಕಾಯ್ತು, ಕತ್ತಲೆ ಬೇಕಾಯ್ತು. ಆದರೆ ನಮ್ಮ ನಿಮ್ಮ ಜೇಬಿನಲ್ಲಿರೋ ಹೊಸ ಮಾದರಿ ಬ್ಯಾಂಕ್ ಕಾರ್ಡಿಗೆ ಇದ್ಯಾವುದೂ ಬೇಡ. ಅಂಗಡಿ ಮಿಷಿನ್ನಿನ ಹತ್ತಿರ ಹಿಡಿದರೆ ಸಾಕು, ಪಿನ್ ಕೇಳದೆ ದುಡ್ಡು ಹೋಗುತ್ತೆ. ಕಾರ್ಡು ಯಜಮಾನನ ಕೈಲಿದೆಯೋ, ಬಿದ್ದದ್ದನ್ನು ಎತ್ತಿಕೊಂಡವನ ಕೈಲಿದೆಯೋ, ಮಿಷಿನ್ನಿಗೆ ಅದು ಗೊತ್ತಾಗೋದಿಲ್ಲ.

ಜಾತ್ರೆಯ ನೂಕುನುಗ್ಗಲು

ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಭಾಯಾಗಡಕ್ಕೆ ಬರುವ ಜನಸಾಗರ ಎಲ್ಲರೂ ಕಂಡದ್ದೇ. ಹೊರ ರಾಜ್ಯಗಳಿಂದಲೂ ಮಾಲಾಧಾರಿಗಳು ಬರುತ್ತಾರೆ. ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಇಂಥ ನೂಕಾಟದಲ್ಲಿ ಯಾರೋ ಮಿಷಿನ್ ಹಿಡಿದು ನಮ್ಮ ಜೇಬಿಗೆ ಒತ್ತಿದರೆ ದುಡ್ಡು ಹೋಗೋದಿಲ್ವೇ? ಕಾರ್ಡು ಇಟ್ಟುಕೊಂಡವರ ಮೊದಲ ಭಯ ಇದೇ.

ಭಯ ಪೂರ್ತಿ ಸುಳ್ಳಲ್ಲ. ಆದರೆ ಅಂದುಕೊಂಡಷ್ಟು ದೊಡ್ಡದೂ ಅಲ್ಲ. ಕಾರ್ಡಿನೊಳಗೆ ಚಿಪ್ಪು ಮತ್ತು ಕೂದಲೆಳೆಯಂಥ ತಂತಿಯ ಸುರುಳಿ ಇದೆ. ಬ್ಯಾಟರಿ ಇಲ್ಲ. ಮಿಷಿನ್ನು ಹೊರಡಿಸುವ ರೇಡಿಯೋ ಅಲೆಯಿಂದಲೇ ಚಿಪ್ಪು ಎಚ್ಚರಗೊಳ್ಳುತ್ತೆ. ಇದಕ್ಕೆ ಎರಡು ಬೆರಳಗಲದಷ್ಟು, ಅಂದರೆ ಸುಮಾರು 4 ಸೆಂಟಿಮೀಟರ್ ಹತ್ತಿರ ಬರಬೇಕು. ಪ್ರತಿ ವ್ಯವಹಾರಕ್ಕೂ ಚಿಪ್ಪು ಹೊಸ ಗುಪ್ತ ಸಂಕೇತ ಕೊಡುತ್ತೆ; ಒಮ್ಮೆ ಬಳಸಿದ್ದು ಮತ್ತೆ ನಡೆಯೋದಿಲ್ಲ. ಮೇಲಾಗಿ ಮಿಷಿನ್ನು ಒಬ್ಬರ ಹೆಸರಿನಲ್ಲಿರುತ್ತೆ, ದುಡ್ಡು ಅವರ ಬ್ಯಾಂಕ್ ಖಾತೆಗೇ ಹೋಗಬೇಕು. ಕಳ್ಳ ತನ್ನ ವಿಳಾಸ ತಾನೇ ಬರೆದುಕೊಟ್ಟಂತೆ ಆಗುತ್ತೆ. ಆದರೂ ಮನಸ್ಸಿಗೆ ಸಮಾಧಾನ ಬೇಕೆಂದರೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಕಾರ್ಡು ಸುತ್ತಿಡಿ. ಅಲೆ ಒಳಗೆ ಹೋಗೋದಿಲ್ಲ. ಖರ್ಚು ನಾಲ್ಕಾಣೆಯೂ ಇಲ್ಲ.

ನಿಜವಾದ ಅಪಾಯ ಎಲ್ಲಿ?

ಕಳೆದುಹೋದ ಕಾರ್ಡಿನಲ್ಲಿ! ಪಿನ್ ಇಲ್ಲದೆ ಮುಟ್ಟಿಸಿ ಕೊಡುವ ಮಿತಿಯನ್ನು ರಿಸರ್ವ್ ಬ್ಯಾಂಕು 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000ಕ್ಕೆ ಏರಿಸಿತು. ಗಮನಿಸಿ, ಇದು ಒಂದು ಸಲದ ಮಿತಿ. ಬಸ್ಸಿನಲ್ಲಿ ಬಿದ್ದ ಕಾರ್ಡು ಸಿಕ್ಕವನು ಇಲ್ಲೊಂದು ಅಂಗಡಿ, ಅಲ್ಲೊಂದು ಪೆಟ್ರೋಲ್ ಬಂಕು ಅಂತ ಸುತ್ತಿದರೆ ನಮ್ಮ ತಿಂಗಳ ಸಂಬಳ ಸಂಜೆಯೊಳಗೆ ಮಾಯ!

ಇದಕ್ಕೆ ಮದ್ದೂ ಉಂಟು. 2020ರ ಜನವರಿಯಲ್ಲೇ ರಿಸರ್ವ್ ಬ್ಯಾಂಕು ಒಂದು ಆದೇಶ ಹೊರಡಿಸಿತ್ತು. ಮುಟ್ಟಿಸಿ ಕೊಡುವ ಸೌಲಭ್ಯ, ಆನ್‌ಲೈನ್ ಖರೀದಿ, ಹೊರದೇಶದ ಬಳಕೆ, ಇವನ್ನು ಗ್ರಾಹಕನೇ ಚಾಲೂ ಮಾಡುವ, ಬಂದ್ ಮಾಡುವ, ಮಿತಿ ಹಾಕುವ ಅವಕಾಶವನ್ನು ಹಗಲೂ ರಾತ್ರಿ ಕೊಡಬೇಕು ಅಂತ. ಬ್ಯಾಂಕಿನ ಆ್ಯಪ್‌ನಲ್ಲಿ, ಎಟಿಎಂನಲ್ಲಿ ಈ ಸ್ವಿಚ್ಚು ಸಿಗುತ್ತೆ. ಬರೀ ಬಟನ್ ಫೋನ್ ಇರುವವರು ಶಾಖೆಗೆ ಹೋಗಿ ಕೇಳಿ. ಕೇಳೋಕೆ ನಾಚಿಕೆ ಯಾಕೆ ಸ್ವಾಮಿ, ದುಡ್ಡು ನಮ್ಮದು!

ಕಾರ್ಡಿನ ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತು ಇದೆಯೇ ನೋಡಿ. ಇದ್ದರೆ ಅದು ಮುಟ್ಟಿಸುವ ಕಾರ್ಡು. ಬೇಡದವರು ಸೌಲಭ್ಯ ಬಂದ್ ಮಾಡಿಸಿ. ಮಿಷಿನ್ನಿಗೆ ತೂರಿಸಿ, ಪಿನ್ ಒತ್ತಿ ವ್ಯವಹಾರ ಮಾಡೋಕೆ ಯಾವ ಅಡ್ಡಿಯೂ ಇಲ್ಲ. ಬೇಕೆನ್ನುವವರು ಮಿತಿಯನ್ನು ಐನೂರೋ ಸಾವಿರವೋ ಇಟ್ಟುಕೊಳ್ಳಿ. ಜಾತ್ರೆಗೆ ಹೊರಡುವ ಮುನ್ನ ಬಂದ್ ಮಾಡಿ, ಮನೆಗೆ ಬಂದ ಮೇಲೆ ಚಾಲೂ ಮಾಡಿದರೂ ಆಯ್ತು.

ಅಂಗಡಿ ಸಾಹುಕಾರರಿಗೆ ಎರಡು ಮಾತು

ಗಿರಾಕಿಯ ಕಾರ್ಡನ್ನು ಗಲ್ಲಾಪೆಟ್ಟಿಗೆ ಹಿಂದಕ್ಕೆ ಒಯ್ಯಬೇಡಿ. ಮಿಷಿನ್ನನ್ನೇ ಅವರ ಮುಂದೆ ಹಿಡಿದು, ಮೊತ್ತ ತೋರಿಸಿ, ಅವರ ಕೈಯಿಂದಲೇ ಮುಟ್ಟಿಸಿ. ಹನ್ನೆರಡು ಸಾವಿರದ ಮಾಲು ತೆಗೆದುಕೊಂಡು, "ಅಣ್ಣಾ, ಮೂರು ಬಿಲ್ ಮಾಡಿಬಿಡಿ, ಮೂರು ಸಲ ಮುಟ್ಟಿಸ್ತೀನಿ" ಅನ್ನುವ ಗಿರಾಕಿ ಬಂದರೆ ಎಚ್ಚರ. ಕಾರ್ಡು ತೂರಿಸಿ ಪಿನ್ ಕೇಳಿ. ಕಾರ್ಡು ಅವರದೇ ಆದರೆ ಪಿನ್ ಒತ್ತುತ್ತಾರೆ. ಅಲ್ಲವಾದರೆ ಜಾಗ ಖಾಲಿ ಮಾಡುತ್ತಾರೆ.

ಫೋನಿನ ಬೆನ್ನಿಗೆ ಕಾರ್ಡು

ಇನ್ನೊಂದು ಹೊಸ ವರಸೆ ಹೊರದೇಶದಲ್ಲಿ ಬಯಲಾಗಿದೆ. ಯುರೋಪಿನ ಚೆಕ್ ದೇಶದಲ್ಲಿ ವಂಚಕರು ಬ್ಯಾಂಕಿನವರ ಸೋಗಿನಲ್ಲಿ ಗ್ರಾಹಕರಿಂದ ಒಂದು ಆ್ಯಪ್ ಹಾಕಿಸಿ, ಕಾರ್ಡನ್ನು ಫೋನಿನ ಹಿಂಬದಿಗೆ ಹಿಡಿದು ಪಿನ್ ಒತ್ತಿ ಅಂದರು. ಕಾರ್ಡಿನ ಸಂಕೇತ ಅಲ್ಲಿಂದ ವಂಚಕನ ಫೋನಿಗೆ ಹಾರಿತು, ಅವನು ಎಟಿಎಂನಲ್ಲಿ ಹಣ ತೆಗೆದ. ಸೈಬರ್ ಭದ್ರತಾ ಸಂಸ್ಥೆ ಇಸೆಟ್ 2024ರ ಆಗಸ್ಟ್‌ನಲ್ಲಿ ಇದನ್ನು ಬಹಿರಂಗಪಡಿಸಿತು. ಆದ್ದರಿಂದ ಯಾವ "ಮ್ಯಾನೇಜರ್ ಸಾಹೇಬ" ಫೋನ್ ಮಾಡಿ ಕಾರ್ಡು ಫೋನಿಗೆ ಹಿಡಿಯಿರಿ ಅಂದರೂ, ಒಟಿಪಿ ಹೇಳಿ ಅಂದರೂ, ಮಾತಿಲ್ಲದೆ ಫೋನ್ ಇಡಿ.

ಕಳೆದ ಮೇಲೆ?

ಮೊದಲು ಆ್ಯಪ್‌ನಲ್ಲಿ ಅಥವಾ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ಬ್ಲಾಕ್ ಮಾಡಿಸಿ. ಬ್ಯಾಂಕಿನ ಸಹಾಯವಾಣಿ ನಂಬರು ಕಾರ್ಡಿನ ಬೆನ್ನ ಮೇಲೇ ಇರುತ್ತೆ. ಕಾರ್ಡೇ ಹೋದರೆ ನಂಬರೂ ಹೋಯ್ತು! ಅದನ್ನು ಇವತ್ತೇ ಅಂಗಡಿಯ ಕ್ಯಾಲೆಂಡರಿನ ಮೇಲೋ, ಮನೆಯವರ ಫೋನಿನಲ್ಲೋ ಬರೆದಿಡಿ. ದುಡ್ಡು ಹೋಗಿದ್ದರೆ ಜೊತೆಗೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವನಿಂದ ಮೋಸವಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ನಮ್ಮದೇ ಅಜಾಗ್ರತೆಯಿಂದ ಹೋಗಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ಒಂದೊಂದು ಗಂಟೆಗೂ ಬೆಲೆ ಇದೆ. ದೂರಿನ ನಂಬರು ಬರೆದಿಟ್ಟುಕೊಳ್ಳಿ. ಮುಂದೆ ವಾದ ಬಂದರೆ ಅದೇ ಸಾಕ್ಷಿ.

ಆದರೆ ಸಂದೇಶ ಬರಬೇಕಲ್ಲ! ಸಿಮ್ ಬದಲಿಸಿ ವರ್ಷವಾದರೂ ಪಾಸ್‌ಬುಕ್ಕಿಗೆ ಹಳೇ ನಂಬರೇ ಜೋಡಿಸಿಕೊಂಡಿರುವವರು ಎಷ್ಟು ಮಂದಿಯೋ! ಅಂಥವರು ನಾಳೆ ಬಸ್ಸು ಹತ್ತಿದಾಗ ಬ್ಯಾಂಕಿನ ಸ್ಟಾಪಿನಲ್ಲಿ ಇಳಿದು, ನಂಬರು ಬದಲಿಸಿಯೇ ಮುಂದಿನ ಕೆಲಸ ನೋಡುವುದು ಒಳ್ಳೆಯದು.