ಗರ್ಭ ನಿಲ್ಲುವ ಮುನ್ನವೇ ಭ್ರೂಣದ ಪರೀಕ್ಷೆ

ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಬಹುಕಾಲದಿಂದ ಇದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಲುಕುವುದರಿಂದ ಮಕ್ಕಳು ಮೂಳೆನೋವಿನಿಂದ ನರಳುತ್ತಾರೆ. ರಕ್ತದ ಇನ್ನೊಂದು ಆನುವಂಶಿಕ ಕಾಯಿಲೆಯಾದ ಥಲಸ್ಸೀಮಿಯಾ ಯಾವ ಕುಲದಲ್ಲಾದರೂ ಕಾಣಿಸಿಕೊಳ್ಳಬಹುದು. ಸೋದರಸಂಬಂಧದಲ್ಲಿ ಹೆಣ್ಣು ಕೊಟ್ಟು ತರುವ ರೂಢಿಯುಳ್ಳ ಪಿರಿಯಾಪಟ್ಟಣ, ಕೃಷ್ಣರಾಜನಗರದ ಮನೆತನಗಳೂ ಈ ವಿಷಯವನ್ನು ಅರಿತಿರಬೇಕು.

ತಂದೆತಾಯಿ ಇಬ್ಬರೂ ದೋಷವುಳ್ಳ ವಂಶವಾಹಿಯ ವಾಹಕರಾಗಿದ್ದರೆ, ತಾವು ಆರೋಗ್ಯವಾಗಿದ್ದರೂ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಆದುದರಿಂದ ಸೊಸೆಯೊಬ್ಬಳನ್ನೇ ದೂಷಿಸುವುದು ಅನ್ಯಾಯ.

ಇಂತಹ ದಂಪತಿಗಳಿಗೆ ಇಂದು ಒಂದು ದಾರಿಯಿದೆ. ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರಿಂದ ಕೆಲವು ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಇದೇ ಭ್ರೂಣದ ಬಯಾಪ್ಸಿ. 1990ರ ಸುಮಾರಿಗೆ ಲಂಡನ್ನಿನಲ್ಲಿ ಇದು ಮೊದಲು ಕೈಗೂಡಿದಾಗ, ಮೂರನೆಯ ದಿನದ ಆರೆಂಟು ಕೋಶಗಳ ಭ್ರೂಣದಿಂದ ಒಂದೆರಡನ್ನು ತೆಗೆಯುತ್ತಿದ್ದರು. ಎಳೆಯ ಭ್ರೂಣಕ್ಕೆ ಅದು ದೊಡ್ಡ ನಷ್ಟವೇ ಆಗಿತ್ತು. ಈಗ ಐದಾರನೆಯ ದಿನದವರೆಗೆ ಕಾಯುತ್ತಾರೆ. ಆಗ ಭ್ರೂಣದಲ್ಲಿ ನೂರಕ್ಕೂ ಹೆಚ್ಚು ಕೋಶಗಳಿರುತ್ತವೆ. ಲೇಸರ್ ಕಿರಣದಿಂದ ಹೊರಪೊರೆಯಲ್ಲಿ ಸೂಕ್ಷ್ಮ ರಂಧ್ರ ಮಾಡಿ, ಮುಂದೆ ಮಾಸು ಆಗುವ ಹೊರಪದರದಿಂದ ಐದರಿಂದ ಹತ್ತು ಕೋಶಗಳನ್ನಷ್ಟೇ ತೆಗೆಯುತ್ತಾರೆ. ಮಗುವಾಗಿ ಬೆಳೆಯುವ ಒಳಗಿನ ಗುಂಪನ್ನು ಮುಟ್ಟುವುದಿಲ್ಲ. ಫಲಿತಾಂಶ ಬರುವವರೆಗೆ ಭ್ರೂಣವನ್ನು ಅತಿಶೀತದಲ್ಲಿ ಕಾಪಾಡಿ, ಕಾಯಿಲೆಯಿಲ್ಲದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುತ್ತಾರೆ.

ಇದರಿಂದ ಗರ್ಭ ನಿಂತೇ ನಿಲ್ಲುವುದೆಂಬ ಭರವಸೆಯಿಲ್ಲ, ವೆಚ್ಚವೂ ಅಪಾರ. ಅಪರೂಪಕ್ಕೆ ಫಲಿತಾಂಶ ತಪ್ಪಾಗುವುದರಿಂದ ಬಸಿರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ವೈದ್ಯರು ಸೂಚಿಸುತ್ತಾರೆ. ಗಂಡೋ ಹೆಣ್ಣೋ ಎಂದು ಆರಿಸಲು ಈ ವಿದ್ಯೆಯನ್ನು ಬಳಸುವುದು ಅಪರಾಧ. 2021ರ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ ಕಾಯಿದೆಯು ಆನುವಂಶಿಕ ಕಾಯಿಲೆಗಳ ಪತ್ತೆಗೆ ಮಾತ್ರ ಇದಕ್ಕೆ ಅವಕಾಶ ನೀಡಿದೆ.

ಎಲ್ಲಕ್ಕೂ ಮೊದಲ ಹೆಜ್ಜೆ ಸರಳವಾದ ರಕ್ತಪರೀಕ್ಷೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ, ಬುಡಕಟ್ಟು ಪ್ರದೇಶಗಳ 40 ವರ್ಷದವರೆಗಿನವರಿಗೆ ತಪಾಸಣೆ ನಡೆಸುವ ಗುರಿಯಿದೆ. ಜಾತಕ ನೋಡುವ ಹಿರಿಯರು ವಧೂವರರ ರಕ್ತದ ವರದಿಯನ್ನೂ ನೋಡಲಿ ಎಂದು ನಾವು ಸದ್ಭಕ್ತರಲ್ಲಿ ವಿನಂತಿಸುತ್ತೇವೆ. ವಾಹಕರೆಂದು ತಿಳಿದರೆ ಅದು ಕಳಂಕವಲ್ಲ; ಹುಟ್ಟಲಿರುವ ಮಗುವಿನ ನೋವನ್ನು ತಪ್ಪಿಸಲು ದೊರೆತ ಮುನ್ನೆಚ್ಚರಿಕೆ.